ಪನೀರ್ ನೀರು, ಗೇರುಹಣ್ಣು, ಕಾಯಿ ನೀರು: ಹುಳಿಯ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಬೇರೆ ಯಾವುದೋ ಉತ್ತರದ ನಡುವೆ ‘ಹಾಲಿನ ಉಳಿಕೆ ನೀರಿನಿಂದ ಲ್ಯಾಕ್ಟಿಕ್ ಆಮ್ಲ ಮಾಡಬಹುದು’ ಎಂದು ಒಂದು ಸಾಲು ಬರೆದಿದ್ದೆ. ಮೊಸರಿಗೆ ಹುಳಿ ಕೊಡುವ ಆಮ್ಲ ಅದು. ಆ ಒಂದು ಸಾಲಿಗೆ ಬಂದ ಪತ್ರಗಳೇ ಈ ಸಲದ ಅಂಕಣ ತುಂಬಿವೆ. ಡೈರಿಯ ಲ್ಯಾಬಿನಲ್ಲಿ ಹಾಲಿನ ಹುಳಿ ಅಳೆಯುತ್ತಲೇ ನೌಕರಿ ಮುಗಿಸಿದವಳು ನಾನು. ಹಾಗಾಗಿ ಖುಷಿಯಿಂದಲೇ ಉತ್ತರಿಸುತ್ತಿದ್ದೇನೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿದ್ದೇನೆ.

ಪ್ರಶ್ನೆ: ಅಕ್ಕಾ, ನಾವು ಮನೆಯವರೇ ಸೇರಿ ಪನೀರ್ ಮಾಡಿ ಕುಂಬಳೆ, ಕಾಸರಗೋಡಿನ ಹೋಟೆಲುಗಳಿಗೆ ಕೊಡುತ್ತೇವೆ. ದಿನಕ್ಕೆ ಸುಮಾರು 200 ಲೀಟರ್ ಹಾಲು. ಹಾಲು ಒಡೆದ ನೀರನ್ನು ಗುಡ್ಡೆ ಬದಿಯ ಗುಂಡಿಗೆ ಬಿಡುತ್ತಿದ್ದೇವೆ. ಈಗ ಕೆಳಗಿನ ಮನೆಯವರು ಅವರ ಸುರಂಗದ ನೀರು ವಾಸನೆ ಬರುತ್ತದೆ ಎನ್ನುತ್ತಾರೆ. ಆ ನೀರಿನಿಂದ ಲ್ಯಾಕ್ಟಿಕ್ ಆಮ್ಲ ಮಾಡಿ ಮಾರಿದರೆ ಎರಡೂ ಕೆಲಸ ಆಗುತ್ತದಲ್ವಾ? (ಬದಿಯಡ್ಕ ಸಮೀಪದಿಂದ)

ಉತ್ತರ: ಮೊದಲು ಗುಂಡಿಯ ವಿಷಯ, ತಂಗಿ. ಕೆಳಗಿನ ಮನೆಯವರು ಹೇಳುವುದರಲ್ಲಿ ಅರ್ಥ ಇದೆ. ನಮ್ಮದು ಮುರಕಲ್ಲಿನ ನೆಲ. ಮೇಲೆ ಸುರಿದ ನೀರು ತೂತುಗಳಲ್ಲಿ ಇಳಿದು ಕೆಳಗೆ ಎಲ್ಲೋ ಹೊರಗೆ ಬರುತ್ತದೆ. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗ ಇರುವುದೇ ಆ ಇಳಿದ ನೀರನ್ನು ಹಿಡಿಯುವುದಕ್ಕೆ. ಗುಂಡಿ ಮೇಲಿದ್ದು ಸುರಂಗ ಕೆಳಗಿದ್ದರೆ ನೀವು ಬಿಟ್ಟದ್ದು ಅವರ ಕೊಡಕ್ಕೆ ಬರಬಹುದು.

ಪನೀರ್ ನೀರು ನೋಡಲು ತಿಳಿಯಾಗಿರುತ್ತದೆ, ಅದರಿಂದಲೇ ಜನ ಮೋಸಹೋಗುತ್ತಾರೆ. ನೀರಿನಲ್ಲಿರುವ ಕೊಳೆಯುವ ವಸ್ತುವನ್ನು ಅಳೆಯಲು ಬಿಒಡಿ ಎಂಬ ಲೆಕ್ಕ ಇದೆ. ಆ ವಸ್ತುವನ್ನು ತಿಂದು ಮುಗಿಸಲು ಸೂಕ್ಷ್ಮಜೀವಿಗಳು ನೀರಿನಿಂದ ಎಷ್ಟು ಆಮ್ಲಜನಕ ಎಳೆಯುತ್ತವೆ ಎಂಬುದೇ ಈ ಲೆಕ್ಕ. ಸಾಮಾನ್ಯ ಚರಂಡಿ ನೀರಿನ ಬಿಒಡಿ ಲೀಟರಿಗೆ 200–300 ಮಿಲಿಗ್ರಾಂ. ಹಾಲು ಒಡೆದ ನೀರಿನದು 30,000ಕ್ಕಿಂತ ಮೇಲೆ. ಹೊಳೆಗೆ ಬಿಡುವ ನೀರು 30 ಮಿಲಿಗ್ರಾಂ ದಾಟಬಾರದು ಎಂಬುದು ನಮ್ಮ ದೇಶದ ನಿಯಮ. ನಿಮ್ಮ 200 ಲೀಟರ್ ಹಾಲಿನಿಂದ ಸುಮಾರು 160 ಲೀಟರ್ ನೀರು ಉಳಿಯುತ್ತದೆ. ಅದರ ಹೊರೆ ಹೆಚ್ಚು ಕಡಿಮೆ ನೂರು ಜನರ ಶೌಚದ ಹೊರೆಗೆ ಸಮ. ತೋಡಿಗೆ ಬಿಟ್ಟರೆ ಮೀನು ಸಾಯುತ್ತದೆ. ಅಡಿಕೆ ಬುಡಕ್ಕೆ ದಿನಾ ಸುರಿದರೆ ಬೇರಿಗೆ ಗಾಳಿ ಸಿಗುವುದಿಲ್ಲ. ಆ ಗುಂಡಿಯನ್ನು ಈ ವಾರವೇ ನಿಲ್ಲಿಸಿ. ಅಷ್ಟು ಮಾಡಿ, ಮುಂದಿನದನ್ನು ಆಮೇಲೆ ಓದಿ.

ಈಗ ಆಮ್ಲದ ಮಾತು. ನಿಮ್ಮ ನೀರಿನಲ್ಲಿ ಲೀಟರಿಗೆ 45ರಿಂದ 50 ಗ್ರಾಂ ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ ಇದೆ. 160 ಲೀಟರಿನಲ್ಲಿ ಏಳೆಂಟು ಕಿಲೋ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ತಿಂದ ಸಕ್ಕರೆಯ ಬಹುಪಾಲನ್ನು ಆಮ್ಲವಾಗಿಯೇ ಹಿಂದೆ ಕೊಡುತ್ತದೆ. ಕೆಲಸ ಚೆನ್ನಾಗಿ ನಡೆದರೆ ದಿನಕ್ಕೆ ಸುಮಾರು 7 ಕಿಲೋ ಆಮ್ಲ ಎಂದಿಟ್ಟುಕೊಳ್ಳೋಣ. ಕೇಳುವಾಗ ಆಸೆಯಾಗುತ್ತದೆ.

ಆದರೆ ಬ್ಯಾಕ್ಟೀರಿಯಾ ಅಲ್ಲಿವರೆಗೆ ತಾನಾಗಿ ಹೋಗುವುದಿಲ್ಲ. ಅದು ಮಾಡಿದ ಹುಳಿಯೇ ಅದನ್ನು ತಡೆಯುತ್ತದೆ. ಆಮ್ಲ ಶೇಕಡಾ 1ರ ಹತ್ತಿರ ಬಂದಾಗ, ಹುಳಿಯ ಇನ್ನೊಂದು ಅಳತೆಯಾದ ಪಿಎಚ್ (ಹುಳಿ ಏರಿದಷ್ಟೂ ಇದು ಇಳಿಯುತ್ತದೆ) 4ರ ಕೆಳಗೆ ಇಳಿದಾಗ, ಅದು ಬಹುತೇಕ ಸುಮ್ಮನಾಗುತ್ತದೆ. ಸಕ್ಕರೆಯ ದೊಡ್ಡ ಪಾಲು ಹಾಗೇ ಉಳಿದಿರುತ್ತದೆ. ಅದಕ್ಕೇ ಕಾರ್ಖಾನೆಯಲ್ಲಿ ಆಗಾಗ ಸುಣ್ಣ ಅಥವಾ ಸೀಮೆಸುಣ್ಣದ ಪುಡಿ ಹಾಕಿ ಪಿಎಚ್ ಅನ್ನು 5.5ರಿಂದ 6ರ ಒಳಗೆ ಹಿಡಿದಿಡುತ್ತಾರೆ. ಆಗ ಹುಳಿ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಲ್ಯಾಕ್ಟೇಟ್ ಆಗುತ್ತದೆ. ಬ್ಯಾಕ್ಟೀರಿಯಾ ಸಕ್ಕರೆ ಮುಗಿಯುವವರೆಗೆ ಕೆಲಸ ಮಾಡುತ್ತದೆ.

ತೊಂದರೆ ಇಲ್ಲಿಂದ ಶುರು. ನಿಮಗೆ ಬೇಕಾದದ್ದು ಆಮ್ಲ, ಕೈಗೆ ಬಂದದ್ದು ಅದರ ಉಪ್ಪು. ಅದನ್ನು ಆಮ್ಲವಾಗಿಸಲು ಗಂಧಕಾಮ್ಲ ಹಾಕಬೇಕು. ಲೆಕ್ಕ ಹೇಳುತ್ತೇನೆ. 7 ಕಿಲೋ ಲ್ಯಾಕ್ಟಿಕ್ ಆಮ್ಲಕ್ಕೆ ಹತ್ತಿರ ಹತ್ತಿರ 3 ಕಿಲೋ ಸುಣ್ಣ, 4 ಕಿಲೋ ಗಂಧಕಾಮ್ಲ. ಕೊನೆಗೆ 7 ಕಿಲೋದಷ್ಟು ಜಿಪ್ಸಮ್ ತಳದಲ್ಲಿ ಕೂರುತ್ತದೆ. ಒಂದು ಕಿಲೋ ಆಮ್ಲಕ್ಕೆ ಒಂದು ಕಿಲೋ ಹೊಸ ಕಸ! ಮತ್ತೆ, ಮಾರುಕಟ್ಟೆಯಲ್ಲಿ ಕೇಳುವ ಲ್ಯಾಕ್ಟಿಕ್ ಆಮ್ಲ ಶೇಕಡಾ 80 ಅಥವಾ 88ರದ್ದು. ನಿಮ್ಮ ಪಾತ್ರೆಯಲ್ಲಿರುವುದು ಶೇಕಡಾ 4ರದ್ದು. ಅಲ್ಲಿಗೆ ತಲುಪಲು ದಿನಕ್ಕೆ 150 ಲೀಟರಿನಷ್ಟು ನೀರು ಆವಿ ಮಾಡಬೇಕು. ಹಾಲಿನ ಉಪ್ಪು, ಪ್ರೋಟೀನು, ಬಣ್ಣ ಎಲ್ಲ ಜೊತೆಯಲ್ಲೇ ಗಟ್ಟಿಯಾಗುತ್ತವೆ. ಅದನ್ನು ಶುದ್ಧ ಮಾಡಲು ಇದ್ದಿಲು, ಅಯಾನು ಬದಲಿಸುವ ರಾಳ, ಪೊರೆಯ ಸೋಸುಕ ಎಲ್ಲ ಬೇಕು. ದೊಡ್ಡ ಕಾರ್ಖಾನೆಗಳಲ್ಲೂ ಖರ್ಚಿನ ದೊಡ್ಡ ಪಾಲು ಹೋಗುವುದು ಈ ಶುದ್ಧೀಕರಣಕ್ಕೇ. ಅಡುಗೆಮನೆಯ ಹಿಂದೆ, ಮಕ್ಕಳು ಓಡಾಡುವ ಜಾಗದಲ್ಲಿ ಗಂಧಕಾಮ್ಲದ ಕ್ಯಾನ್ ಇಡುವ ಕೆಲಸವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ, ನಿಮ್ಮ ಒಲೆಯ ಮುಂದೆಯೇ ಇದೆ. ಹಾಲು ಒಡೆಯಲು ನೀವು ಸಿಟ್ರಿಕ್ ಆಮ್ಲವನ್ನೋ ವಿನೆಗರನ್ನೋ ಕೊಂಡು ತರುತ್ತೀರಿ ಅಲ್ವಾ? ಆ ಜಾಗಕ್ಕೆ ನಿಮ್ಮದೇ ಹುಳಿನೀರು ಬರಬಹುದು. ಇವತ್ತಿನ ಪನೀರ್ ನೀರನ್ನು ಬಿಸಿ ಇರುವಾಗಲೇ ತೊಳೆದು ಕುದಿನೀರು ಹೊಯ್ದ ಸ್ಟೀಲ್ ಕ್ಯಾನಿಗೆ ಸೋಸಿ ಮುಚ್ಚಿ. 42 ಡಿಗ್ರಿಗೆ ಇಳಿದಾಗ ನೂರಕ್ಕೆ ಎರಡು ಪಾಲು ಒಳ್ಳೆಯ ಹೆಪ್ಪು ಹಾಕಿ. ಕ್ಯಾನಿಗೆ ಗೋಣಿ ಸುತ್ತಿ ಬೆಚ್ಚಗೆ ಇಡಿ. ಬೆಳಿಗ್ಗೆಗೆ ಹುಳಿ ಶೇಕಡಾ 0.9ರ ಆಸುಪಾಸಿಗೆ ಬಂದಿರಬೇಕು. ಆ ನೀರನ್ನು 70 ಡಿಗ್ರಿಗೆ ಬಿಸಿ ಮಾಡಿ, 90ಕ್ಕೆ ಕಾಯಿಸಿ 75ರ ಹತ್ತಿರ ಆರಿಸಿದ ಹಾಲಿಗೆ ನಿಧಾನವಾಗಿ ಹೊಯ್ಯುತ್ತಾ ಕೈಯಾಡಿಸಿ. ಹಾಲಿನ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಬೇಕಾಗುತ್ತದೆ. ಅಳತೆಗಿಂತ ಕಣ್ಣನ್ನು ನಂಬಿ. ಗಡ್ಡೆ ಬಿಟ್ಟು ನೀರು ಹಸಿರು ಮಿಶ್ರಿತ ಹಳದಿಯಾಗಿ ತಿಳಿಯಾದಾಗ ನಿಲ್ಲಿಸಿ. ಹೈನು ತಜ್ಞರು ಒಪ್ಪಿರುವ ಹಳೆಯ ಕ್ರಮ ಇದು. ಪನೀರ್ ಮೃದುವಾಗಿಯೂ ಬರುತ್ತದೆ.

ಹೆಪ್ಪನ್ನು ಮಾತ್ರ ಹಿಂದಿನ ದಿನದ ಹುಳಿನೀರಿನಿಂದಲೇ ಎಳೆಯುತ್ತಾ ಹೋಗಬೇಡಿ. ಕೆಲವೇ ದಿನಗಳಲ್ಲಿ ಯೀಸ್ಟ್ ಸೇರಿಕೊಳ್ಳುತ್ತದೆ, ಪನೀರಿಗೆ ಹುಳಿಹೆಂಡದ ವಾಸನೆ ಬರುತ್ತದೆ. ಕಾಯಿಸಿ ಆರಿಸಿದ ಹಾಲಿನಲ್ಲಿ ಬೇರೆಯಾಗಿ ಹೆಪ್ಪು ಉಳಿಸಿಕೊಳ್ಳಿ.

ಹಾಲಿಗೆ ಹೊಯ್ದ ಹುಳಿನೀರು ಮತ್ತೆ ಹೊರಗೇ ಬರುವುದರಿಂದ, ಇಷ್ಟಾದರೂ ದಿನಕ್ಕೆ ಸುಮಾರು 160 ಲೀಟರ್ ಮಿಗುತ್ತದೆ, ನಿಜ. ತಾಜಾ ಇರುವಾಗ ದನಕ್ಕೆ ಹಿಂಡಿ ನೆನೆಸಲು ಬಳಸಿ. ಅಕ್ಕಚ್ಚು (ಅಕ್ಕಿ ತೊಳೆದ ನೀರು) ಕುಡಿದು ಗೊತ್ತಿರುವ ದನ ಇದನ್ನೂ ಕುಡಿಯುತ್ತದೆ. ಒಂದೆರಡು ಲೀಟರಿನಿಂದ ಶುರುಮಾಡಿ, ನಿಧಾನಕ್ಕೆ ಏರಿಸಿ. ಒಮ್ಮೆಲೇ ಬಕೆಟ್ ಇಟ್ಟರೆ ಹೊಟ್ಟೆಯಲ್ಲಿ ಹುಳಿ ಏರಿ ದನ ಮೇವು ಬಿಡುತ್ತದೆ. ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡಗಳಿಗೆ ನಾನು ಕೊಡುವುದು ಬಹಳ ಸ್ವಲ್ಪ, ಅವು ಸಣ್ಣ ದನಗಳು. ಗೋಬರ್ ಗ್ಯಾಸ್ ಇದ್ದರೆ ಸೆಗಣಿಯ ಜೊತೆ ಸ್ವಲ್ಪ ಸ್ವಲ್ಪ ಸೇರಿಸಿ. ಗ್ಯಾಸ್ ಮಾಡುವ ಜೀವಿಗಳಿಗೆ ಹುಳಿ ಆಗುವುದಿಲ್ಲ. ಉರಿ ಕಡಿಮೆಯಾದರೆ ಕೆಲವು ದಿನ ಸೆಗಣಿ ಮಾತ್ರ ಹಾಕಿ.

ಆಮ್ಲ ತೆಗೆದು ಮಾರುವ ಕನಸು ತಪ್ಪಲ್ಲ. ಅದು ಒಂದು ಮನೆಯ ಕೆಲಸ ಅಲ್ಲ, ಅಷ್ಟೇ. ಹತ್ತಾರು ಪನೀರ್ ಘಟಕಗಳ ನೀರು ಒಂದು ಸಹಕಾರಿ ಡೈರಿಗೆ ಸೇರಿ, ಅಲ್ಲಿ ಮೊದಲು ಪ್ರೋಟೀನನ್ನು ಪೊರೆಯಿಂದ ಸೋಸಿ ಮಾರಿ, ಉಳಿದ ಸಕ್ಕರೆ ನೀರನ್ನು ಹುಳಿಸಿದರೆ ಲೆಕ್ಕ ಕೂಡಿಬರಬಹುದು. ಹಾಲು ಸಂಘದ ಮಹಾಸಭೆಯಲ್ಲಿ ಈ ಮಾತು ಎತ್ತಿ. ಹಾಲಿನ ದರದ ಬಗ್ಗೆ ಕೇಳುವವರು ತುಂಬಾ ಜನ ಇದ್ದಾರೆ. ಹಾಲು ಒಡೆದ ನೀರಿನ ಬಗ್ಗೆಯೂ ಯಾರಾದರೂ ಕೇಳಬೇಕು.

ಪ್ರಶ್ನೆ: ಮೇಡಂ, ನಾನು ಮೈಕ್ರೋಬಯಾಲಜಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಇದೇ ವಿಷಯ ತೆಗೆದುಕೊಂಡಿದ್ದೇನೆ. ಮನೆಯ ಮೊಸರನ್ನೇ ಹೆಪ್ಪಾಗಿ ಬಳಸಿದರೆ ಸಾಕೇ? ಸೀಮೆಸುಣ್ಣ ಹಾಕಿ ಹುಳಿಸಿದೆ, ಆದರೆ ಟೈಟ್ರೇಶನ್ ಮಾಡಿದರೆ ಆಮ್ಲವೇ ಕಾಣುವುದಿಲ್ಲ. (ಮಂಜೇಶ್ವರದಿಂದ)

ಉತ್ತರ: ಎರಡನೆಯದನ್ನು ಮೊದಲು ಹೇಳುತ್ತೇನೆ ತಮ್ಮಾ, ಯಾಕೆಂದರೆ ನಿನ್ನ ಪ್ರಯೋಗ ಕೆಟ್ಟಿಲ್ಲ. ಟೈಟ್ರೇಶನ್, ಅಂದರೆ ಕ್ಷಾರವನ್ನು ಹನಿ ಹನಿಯಾಗಿ ಬಿಟ್ಟು ಅಳೆಯುವ ಕ್ರಮ, ತೋರಿಸುವುದು ಬಿಡಿಯಾಗಿರುವ ಆಮ್ಲವನ್ನು ಮಾತ್ರ. ನಿನ್ನ ಆಮ್ಲ ಹುಟ್ಟಿದ ಕೂಡಲೇ ಸುಣ್ಣವನ್ನು ಹಿಡಿದುಕೊಂಡಿದೆ. ಹಾಗಾಗಿ ಕರಗಿದ ಕ್ಯಾಲ್ಸಿಯಂ ಎಷ್ಟು ಏರಿತು ಎಂದು ಅಳೆ. ಕರಗದ ಪುಡಿಯನ್ನು ಸೋಸಿ ತೆಗೆದು, ಕ್ಯಾಲ್ಸಿಯಂ ಹಿಡಿಯುವ ಇಡಿಟಿಎ ದ್ರಾವಣದಿಂದ ಟೈಟ್ರೇಶನ್ ಮಾಡಿದರೆ ಆಯಿತು. ಹಾಲಿನ ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ ಇರುತ್ತದೆ, ಶುರುವಿನ ಅಳತೆಯನ್ನು ಕಳೆಯಲು ಮರೆಯಬೇಡ. ಒಂದು ಕ್ಯಾಲ್ಸಿಯಂ ಪರಮಾಣುವಿಗೆ ಎರಡು ಲ್ಯಾಕ್ಟಿಕ್ ಆಮ್ಲದ ಅಣು ಎಂದು ಲೆಕ್ಕ ಹಾಕು. ಜೊತೆಗೆ ಸಕ್ಕರೆ ಎಷ್ಟು ಇಳಿಯಿತು ಎಂದೂ ನೋಡು. ಎರಡೂ ಲೆಕ್ಕ ತಾಳೆಯಾದರೆ ನಿನ್ನ ಕೆಲಸವನ್ನು ಯಾರೂ ಅಲುಗಾಡಿಸಲಾರರು.

ಮನೆಯ ಮೊಸರು ಊಟಕ್ಕೆ ಒಳ್ಳೆಯದು, ಪ್ರಾಜೆಕ್ಟಿಗೆ ಸಾಲದು. ಅದರಲ್ಲಿ ಹಲವು ಬ್ಯಾಕ್ಟೀರಿಯಾ ಒಟ್ಟಿಗೆ ಇರುತ್ತವೆ, ಕೆಲವೊಮ್ಮೆ ಯೀಸ್ಟೂ ಇರುತ್ತದೆ. ಇವತ್ತು ಬಂದ ಫಲ ನಾಳೆ ಬರುವುದಿಲ್ಲ. ಒಂದೇ ಜಾತಿಯ ಶುದ್ಧ ಕಲ್ಚರ್ ಬೇಕು. ಯಾವುದು ಎಂಬುದು, ನಿನಗೆ ಯಾವ ಆಮ್ಲ ಬೇಕು ಎಂಬುದರ ಮೇಲೆ ಹೋಗುತ್ತದೆ. ಲ್ಯಾಕ್ಟಿಕ್ ಆಮ್ಲಕ್ಕೆ ಎರಡು ರೂಪ, ಎಡಗೈ ಬಲಗೈಯಂತೆ: ಎಲ್ ಮತ್ತು ಡಿ. ನಮ್ಮ ಮೈಯಲ್ಲಿ ಹುಟ್ಟುವುದು ಮುಖ್ಯವಾಗಿ ಎಲ್. ಡಿ ರೂಪ ಅರಗುವುದು ನಿಧಾನ. ಎಳೆಮಕ್ಕಳ ಆಹಾರಕ್ಕೆ ಡಿ ರೂಪವನ್ನಾಗಲಿ ಎರಡರ ಮಿಶ್ರಣವನ್ನಾಗಲಿ ಸೇರಿಸಬಾರದು. ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಎಲ್ ಕೊಡುತ್ತದೆ, ಕೇಸಿ ಎಂಬ ಜಾತಿಯೂ ಬಹುಪಾಲು ಎಲ್ ಕೊಡುತ್ತದೆ. ಮೊಸರಿನ ಪ್ರಸಿದ್ಧ ಬಲ್ಗೇರಿಕಸ್ ಕೊಡುವುದು ಡಿ. ಹೆಲ್ವೆಟಿಕಸ್, ಪ್ಲಾಂಟಾರಮ್ ಎರಡನ್ನೂ ಬೆರೆಸಿ ಕೊಡುತ್ತವೆ. ರೈಜೋಪಸ್ ಒರೈಜೆ ಎಂಬ ಬೂಷ್ಟೂ ಎಲ್ ಕೊಡುತ್ತದೆ, ಆದರೆ ಅದಕ್ಕೆ ಗಾಳಿ ಬೇಕು.

ಒಂದು ಎಚ್ಚರ. ಹೆಸರುಗಳು 2020ರಲ್ಲಿ ಬದಲಾಗಿವೆ. ಹಿಂದೆ ಕೇಸಿ, ಬಲ್ಗೇರಿಕಸ್, ಹೆಲ್ವೆಟಿಕಸ್, ಪ್ಲಾಂಟಾರಮ್ ಎಲ್ಲವನ್ನೂ ಲ್ಯಾಕ್ಟೋಬ್ಯಾಸಿಲಸ್ ಎನ್ನುತ್ತಿದ್ದರು. ಈಗ ಅದನ್ನು ಒಡೆದು ಹಲವು ಕುಲ ಮಾಡಿದ್ದಾರೆ. ಕೇಸಿ ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್, ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್. ಹಳೆಯ ಲೇಖನಗಳಲ್ಲಿ ಹಳೆಯ ಹೆಸರೇ ಇರುತ್ತದೆ, ವರದಿಯಲ್ಲಿ ಎರಡನ್ನೂ ಬರೆ.

ಇನ್ನು ಪೋಷಣೆ. ಈ ಬ್ಯಾಕ್ಟೀರಿಯಾಗಳಿಗೆ ಸಕ್ಕರೆ ಮಾತ್ರ ಸಾಲದು. ಅಮೈನೋ ಆಮ್ಲಗಳು, ಬಿ ವಿಟಮಿನ್‌ಗಳು ಸಿದ್ಧವಾಗಿಯೇ ಬೇಕು. ಅದಕ್ಕೇ ಯೀಸ್ಟ್ ಎಕ್ಸ್‌ಟ್ರಾಕ್ಟ್ ಹಾಕುತ್ತಾರೆ. ಅದು ದುಬಾರಿ. ಅದನ್ನು ಕಡಿಮೆ ಮಾಡಿ ಬೇರೆ ಅಗ್ಗದ್ದನ್ನು ಹಾಕಿದರೆ ಎಷ್ಟು ವ್ಯತ್ಯಾಸ ಆಗುತ್ತದೆ ಎಂದು ನೋಡುವುದೇ ಒಂದು ಒಳ್ಳೆಯ ಪ್ರಾಜೆಕ್ಟ್. ನಿನ್ನ ಮುನ್ನುಡಿಗೆ ಎರಡು ವರ್ಷ ನೆನಪಿಡು. 1780ರಲ್ಲಿ ಸ್ವೀಡನ್ನಿನಲ್ಲಿ ಶೀಲೆ ಎಂಬ ರಸಾಯನ ವಿಜ್ಞಾನಿ ಹುಳಿಹಾಲಿನಿಂದ ಈ ಆಮ್ಲವನ್ನು ಬೇರ್ಪಡಿಸಿದ. 1857ರಲ್ಲಿ ಫ್ರಾನ್ಸಿನ ವಿಜ್ಞಾನಿ ಪಾಶ್ಚರ್, ಇದನ್ನು ಮಾಡುವುದು ಜೀವಿಗಳು ಎಂದು ತೋರಿಸಿದ. ನಡುವೆ 77 ವರ್ಷ, ಹುಳಿ ಯಾಕೆ ಬರುತ್ತದೆ ಎಂದು ಸರಿಯಾಗಿ ಹೇಳಲು ಯಾರಿಗೂ ಆಗಿರಲಿಲ್ಲ.

ಪ್ರಶ್ನೆ: ಗೇರು ಸೀಸನ್ನಿನಲ್ಲಿ ಬೀಜ ಕೊಯ್ದು ಹಣ್ಣು ಅಲ್ಲೇ ಬಿಡುತ್ತೇವೆ. ರಾಶಿ ರಾಶಿ ಕೊಳೆಯುತ್ತದೆ. ಅದರಿಂದಲೂ ಈ ಆಮ್ಲ ಆಗುತ್ತದೆಯೇ? (ಮುಳ್ಳೇರಿಯ)

ಉತ್ತರ: ಆಗುತ್ತದೆ. ನಿಮ್ಮ ಪ್ರಶ್ನೆ ಓದಿ ಸಂಕಟವೂ ಆಯಿತು, ಯಾಕೆಂದರೆ ನಮ್ಮ ಜಿಲ್ಲೆಯಲ್ಲಿ ಕಣ್ಣೆದುರೇ ಹಾಳಾಗುವ ಸಕ್ಕರೆಯಲ್ಲಿ ಇದು ದೊಡ್ಡದು. ಒಂದು ಕಿಲೋ ಬೀಜ ಕೊಯ್ದರೆ ಐದಾರು ಕಿಲೋಗೂ ಮೇಲೆ ಹಣ್ಣು ಬೀಳುತ್ತದೆ. ರಸದಲ್ಲಿ ಶೇಕಡಾ 10ರಷ್ಟು ಸಕ್ಕರೆ, ಅದೂ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಬ್ಯಾಕ್ಟೀರಿಯಾಗೆ ಒಡೆಯುವ ಕಷ್ಟವೂ ಇಲ್ಲ. ಹಾಲಿನ ನೀರಿನಲ್ಲಿರುವುದರ ಎರಡು ಪಟ್ಟು!

ಅಡ್ಡಿ ಮೂರು. ಒಂದು, ಗಂಟಲು ಕೆರೆಯುವ ಆ ಒಗರು. ಒಗರು ಕೊಡುವ ಟ್ಯಾನಿನ್ ಬ್ಯಾಕ್ಟೀರಿಯಾಗೂ ಹಿತವಲ್ಲ. ಸಾಬಕ್ಕಿ ಗಂಜಿ ಬೆರೆಸಿ ಇಟ್ಟರೆ ಒಗರು ಗಂಜಿಗೆ ಅಂಟಿ ತಳಕ್ಕೆ ಇಳಿಯುತ್ತದೆ, ಮೇಲಿನ ತಿಳಿ ಬಸಿದುಕೊಳ್ಳಬಹುದು. ಗೇರುಹಣ್ಣಿನ ಸಿರಪ್ ಮಾಡುವವರ ಕ್ರಮವೂ ಇದೇ. ಎರಡು, ಹಣ್ಣಿನ ಮೈಮೇಲೇ ಕಾಡು ಯೀಸ್ಟ್ ಇರುತ್ತದೆ. ನಮ್ಮ ಏಪ್ರಿಲ್ ಸೆಖೆಯಲ್ಲಿ ಬೆಳಿಗ್ಗೆ ಹಿಂಡಿದ ರಸ ಸಂಜೆಗೆ ನೊರೆ ಕಟ್ಟುತ್ತದೆ. ಅದು ಲ್ಯಾಕ್ಟಿಕ್ ಹುಳಿ ಅಲ್ಲ, ಮದ್ಯಕ್ಕೆ ಹೋಗುವ ದಾರಿ. ಮನೆಯಲ್ಲಿ ಮದ್ಯವಾದರೆ ಅಬಕಾರಿ ಕಾನೂನಿನ ತೊಂದರೆಯೂ ಇದೆ. ಹಿಂಡಿದ ಕೂಡಲೇ 80–85 ಡಿಗ್ರಿಗೆ ಬಿಸಿ ಮಾಡಿ ಆರಿಸಿ, ಆಮೇಲೆ ಹೆಪ್ಪು ಹಾಕಬೇಕು. ಮೂರು, ರಸದಲ್ಲಿ ಪ್ರೋಟೀನು ಬಹಳ ಕಡಿಮೆ. ಮೇಲೆ ಹೇಳಿದೆನಲ್ಲ, ಬ್ಯಾಕ್ಟೀರಿಯಾ ಸಕ್ಕರೆಯೊಂದರಿಂದಲೇ ಬದುಕುವುದಿಲ್ಲ.

ಇಲ್ಲಿ ನನಗೊಂದು ಆಸೆ. ಹಾಲಿನ ನೀರಿನಲ್ಲಿ ಸಕ್ಕರೆ ಕಡಿಮೆ, ಪ್ರೋಟೀನು ಮತ್ತು ಖನಿಜ ಇವೆ. ಗೇರುರಸದಲ್ಲಿ ಸಕ್ಕರೆ ಜಾಸ್ತಿ, ಪ್ರೋಟೀನಿಲ್ಲ. ಎರಡೂ ಒಂದೇ ಪಂಚಾಯತಿನಲ್ಲಿ ಹಾಳಾಗುತ್ತಿವೆ. ಫೆಬ್ರವರಿಯಿಂದ ಮೇವರೆಗೆ ಎರಡನ್ನೂ ಒಂದೇ ಟ್ಯಾಂಕಿಗೆ ತರುವ ಒಂದು ಸಣ್ಣ ಘಟಕ ನಮ್ಮ ಕಡೆ ಬಂದರೆ ಎಷ್ಟು ಚೆನ್ನ! ಹಾಲಿನ ಪ್ರೋಟೀನನ್ನು ಎಂಜೈಮ್‌ನಿಂದ ಸ್ವಲ್ಪ ಮುರಿದುಕೊಟ್ಟರೆ ಬ್ಯಾಕ್ಟೀರಿಯಾ ಇನ್ನೂ ಬೇಗ ಬೆಳೆಯುತ್ತದೆ. ಮಂಜೇಶ್ವರದ ತಮ್ಮ ಇದನ್ನು ಓದುತ್ತಿದ್ದರೆ, ನಿನ್ನ ಅಗ್ಗದ ಪೋಷಣೆಗೆ ಒಂದು ದಾರಿ ಇಲ್ಲಿದೆ ನೋಡು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ರಸಮೇವು. ಅದನ್ನು ಮುಂದಿನ ಹಲಸಿನ ಪ್ರಶ್ನೆಯ ಜೊತೆ ಹೇಳಿದ್ದೇನೆ.

ಪ್ರಶ್ನೆ: ಹಲಸಿನ ಹಪ್ಪಳ, ಚಿಪ್ಸ್ ಮಾಡುವ ಮನೆಯಲ್ಲಿ ಸಿಪ್ಪೆ ರಾಶಿ ಬೀಳುತ್ತದೆ. ದನ ತಿಂದಷ್ಟು ತಿಂದು ಉಳಿದದ್ದು ಮಳೆಗೆ ಕೊಳೆತು ನುಸಿ ಏಳುತ್ತದೆ. ಇದಕ್ಕೇನಾದರೂ? (ನೀರ್ಚಾಲು)

ಉತ್ತರ: ಇದೇ ನನಗೆ ತುಂಬಾ ಇಷ್ಟವಾದ ಪ್ರಶ್ನೆ. ಲ್ಯಾಕ್ಟಿಕ್ ಆಮ್ಲವನ್ನು ಹೊರತೆಗೆಯುವ ಕಷ್ಟವೇ ಇಲ್ಲದೆ ಅದರ ಪೂರ್ತಿ ಲಾಭ ಸಿಗುವುದು ಇಲ್ಲಿ. ಗಾಳಿಯಾಡದಂತೆ ಒತ್ತಿ ಮುಚ್ಚಿದ ಮೇವಿನಲ್ಲಿ ಇದೇ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ. ಪಿಎಚ್ 4.2ರ ಕೆಳಗೆ ಇಳಿದರೆ ಕೊಳೆಸುವ ಜೀವಿಗಳಿಗೆ ಅಲ್ಲಿ ಜಾಗ ಇಲ್ಲ. ಮೇವು ತಿಂಗಳುಗಟ್ಟಲೆ ಉಳಿಯುತ್ತದೆ. ರಸಮೇವು, ಸೈಲೇಜ್ ಎನ್ನುವುದು ಇದನ್ನೇ.

ಸಿಪ್ಪೆಯನ್ನು ಕತ್ತಿಯಲ್ಲಿ ಒಂದಿಂಚಿನಷ್ಟು ಸಣ್ಣಗೆ ಕೊಚ್ಚಿ. ಅಂಟು ಜಾಸ್ತಿ, ಕೈಗೂ ಕತ್ತಿಗೂ ತೆಂಗಿನೆಣ್ಣೆ ಹಚ್ಚಿಕೊಳ್ಳಿ. ಹಲಸಿನ ಸಿಪ್ಪೆಯಲ್ಲಿ ನೀರು ಹೆಚ್ಚು. ಹಾಗೇ ತುಂಬಿದರೆ ತಳದಲ್ಲಿ ರಸ ನಿಂತು ಕೆಡುತ್ತದೆ. ಒಂದು ದಿನ ನೆರಳಿನಲ್ಲಿ ಬಾಡಿಸಿ, ಕೊಚ್ಚಿದ ಬೈಹುಲ್ಲು ಬೆರೆಸಿ. ಮುಷ್ಟಿಯಲ್ಲಿ ಬಲವಾಗಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಗೇರುಹಣ್ಣಿನ ಹಿಂಡಿದ ಚರಟಕ್ಕೂ ಇದೇ ಕ್ರಮ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿಗೆ ಪದರ ಪದರವಾಗಿ ಹಾಕಿ ತುಳಿಯಿರಿ. ಗಾಳಿ ಉಳಿದಷ್ಟೂ ಬೂಷ್ಟು. ಹತ್ತಿರ ಪನೀರ್ ಮಾಡುವವರಿದ್ದರೆ ಅವರ ಹುಳಿನೀರನ್ನು ಸ್ವಲ್ಪ ಚಿಮುಕಿಸಬಹುದು. ಬೀಜವಾಗಿ ಬ್ಯಾಕ್ಟೀರಿಯಾ ಸಿಕ್ಕಿದ ಹಾಗಾಯಿತು. ಬಾಯಿ ಕಟ್ಟಿ, ಮೇಲೆ ಭಾರ ಇಟ್ಟು, ಮಳೆ ಬೀಳದ ಕಡೆ ಇಡಿ. ಒಂದೂವರೆ ತಿಂಗಳು ಬಿಟ್ಟು ತೆಗೆಯಿರಿ.

ತೆಗೆದಾಗ ಮೂಗೇ ಪರೀಕ್ಷೆ. ಹಣ್ಣಿನ ಹಾಗೆ ಹುಳಿಸಿಹಿ ವಾಸನೆ ಬಂದರೆ ಗೆದ್ದಿರಿ. ಹಳಸಿದ ಬೆಣ್ಣೆಯ ನಾತ ಬಂದರೆ ಕ್ಲಾಸ್ಟ್ರಿಡಿಯಂ ಎಂಬ ಬೇರೆ ಗುಂಪು ಒಳಗೆ ಸೇರಿದೆ ಎಂದರ್ಥ. ಅದನ್ನು ಗೊಬ್ಬರಕ್ಕೆ ಹಾಕಿ, ದನಕ್ಕೆ ಬೇಡ. ಮೇಲಿನ ಪದರದಲ್ಲಿ ಬೂಷ್ಟು ಕಂಡರೆ ಅದನ್ನೂ ಅದರ ಕೆಳಗಿನ ಒಂದು ಗೇಣನ್ನೂ ತೆಗೆದು ಬಿಸಾಡಿ. ಕರೆಯುವ ದನಕ್ಕೆ ಹಾಲು ಕರೆದ ಮೇಲೆಯೇ ಕೊಡಿ, ಮೊದಲು ಕೊಟ್ಟರೆ ಹಾಲಿಗೆ ವಾಸನೆ ಹಿಡಿಯುತ್ತದೆ. ಚಿಕ್ಕ ಕರುಗಳಿಗೆ ಕೊಡುವುದು ಬೇಡ.

ಪ್ರಶ್ನೆ: ನಮ್ಮದು ಕೊಬ್ಬರಿ, ತೆಂಗಿನೆಣ್ಣೆಯ ಮಿಲ್ಲು. ಕಾಯಿ ಒಡೆದ ನೀರೆಲ್ಲ ಚರಂಡಿಗೆ ಹೋಗುತ್ತದೆ. ಹಾಗೆಯೇ ಅಡಿಕೆ ಸಿಪ್ಪೆಯಿಂದ ಲ್ಯಾಕ್ಟಿಕ್ ಆಮ್ಲ ಮಾಡುತ್ತಾರೆ ಎಂದು ಕೇಳಿದ್ದೇನೆ, ಹೌದೇ? (ಕುಂಬಳೆ)

ಉತ್ತರ: ಬಲಿತ ಕಾಯಿಯ ನೀರಿನಲ್ಲಿ ಸಕ್ಕರೆ ಶೇಕಡಾ 2–3 ಮಾತ್ರ. ಲ್ಯಾಕ್ಟಿಕ್ ಆಮ್ಲಕ್ಕೆ ತೀರಾ ತೆಳು. ಅದನ್ನು ವಿನೆಗರಿಗೋ ನಾಟಾ ಡಿ ಕೋಕೋಗೋ ಬಳಸುವುದು ಒಳ್ಳೆಯದು. ಎರಡಕ್ಕೂ ಸ್ವಲ್ಪ ಸಕ್ಕರೆ ಸೇರಿಸಬೇಕಾಗುತ್ತದೆ, ಆದರೆ ಮಾಡುವ ಕ್ರಮ ಪಕ್ಕಾ ಇದೆ. ನಾಟಾ ಎಂದರೆ ಬ್ಯಾಕ್ಟೀರಿಯಾ ಕಾಯಿ ನೀರಿನ ಮೇಲೆ ಕಟ್ಟುವ ದಪ್ಪ ಬಿಳಿ ಪದರ, ತುಂಡು ಮಾಡಿ ಪಾಕಕ್ಕೆ ಹಾಕಿ ತಿನ್ನುತ್ತಾರೆ. 1916ರಲ್ಲಿ ತೆಂಗಿನ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ ಎಂಬ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ನಿಮ್ಮ ಊರಿನಿಂದ ದೂರವೇನಲ್ಲ, ಕೂಡ್ಲಿನಲ್ಲೇ ಇದೆ. ಪತ್ರ ಬರೆದು ಕೂರಬೇಡಿ, ನೀವೇ ಹೋಗಿ ಕೇಳಿ.

ಅಡಿಕೆ ಸಿಪ್ಪೆಯಲ್ಲೂ ಸಕ್ಕರೆ ಇದೆ, ಆದರೆ ನಾರಿನೊಳಗೆ ಬಿಗಿಯಾಗಿ ಸಿಕ್ಕಿಕೊಂಡಿದೆ. ಕ್ಷಾರದಲ್ಲೋ ತೆಳು ಆಮ್ಲದಲ್ಲೋ ಬೇಯಿಸಿ, ಎಂಜೈಮ್ ಹಾಕಿ ಬಿಡಿಸಬೇಕು. ಬಿಡಿಸಿದ ಮೇಲೂ ಅದರಲ್ಲಿ ದೊಡ್ಡ ಪಾಲು ಜೈಲೋಸ್ ಎಂಬ ಬೇರೆ ತರಹದ ಸಕ್ಕರೆ. ಅದನ್ನು ತಿನ್ನುವ ಹಲವು ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಜೊತೆಗೆ ವಿನೆಗರಿನ ಆಮ್ಲವನ್ನೂ ಮಾಡುತ್ತವೆ. ಲ್ಯಾಬಿನಲ್ಲಿ ಆಗುತ್ತದೆ, ಅಂಗಳದಲ್ಲಿ ಆಗುವುದಿಲ್ಲ. ಸಿಪ್ಪೆಯನ್ನು ತೋಟಕ್ಕೇ ಮುಚ್ಚಿಗೆ ಮಾಡಿ. ಮರಗೆಣಸಿನ ಹಿಟ್ಟು ತೆಗೆದ ಮೇಲೆ ಉಳಿಯುವ ಚರಟದ ಕತೆ ಬೇರೆ. ಅದರಲ್ಲಿ ಪಿಷ್ಟ ಉಳಿದಿರುತ್ತದೆ, ಬಿಡಿಸುವುದು ಸುಲಭ. ತಿರುವನಂತಪುರದ ಎನ್‌ಐಐಎಸ್‌ಟಿ ಎಂಬ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರಿಂದ ಲ್ಯಾಕ್ಟಿಕ್ ಆಮ್ಲ ತೆಗೆದು ತೋರಿಸಿದ್ದಾರೆ.

ಪ್ರಶ್ನೆ: ಅಕ್ಕಿ ತೊಳೆದ ನೀರಿಗೆ ಹಾಲು ಸೇರಿಸಿ ಮಾಡುವ ‘ಎಲ್‌ಎಬಿ ದ್ರಾವಣ’ ಹೊಡೆದರೆ ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಬೇಡವಂತೆ. ನಿಜವಾ? (ಪೆರ್ಲ)

ಉತ್ತರ: ನಂಬಿ ಕೂರಬೇಡಿ. ಆ ದ್ರಾವಣದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಇರುವುದು ನಿಜ. ಹಟ್ಟಿಯ ವಾಸನೆಗೆ, ಗೊಬ್ಬರದ ಗುಂಡಿಗೆ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ನಮ್ಮ ಆಟಿ ಮಳೆಗೆ ಗೊನೆಯ ಮೇಲೆ ಅದು ಎಷ್ಟು ಹೊತ್ತು ನಿಂತೀತು? ಶೇಕಡಾ 1ರ ಬೋರ್ಡೋ, ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಮಳೆಗೂ ಗೊನೆಗೆ ಅಂಟಿ ನಿಲ್ಲುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ವಿಜ್ಞಾನಿ ಕೋಲ್ಮನ್ ಇದನ್ನು ಕೊಳೆರೋಗಕ್ಕೆ ಹೇಳಿಕೊಟ್ಟು ನೂರು ವರ್ಷ ದಾಟಿತು. ಇನ್ನೊಂದು, ಎರಡನ್ನೂ ಬೆರೆಸಿ ಮಾತ್ರ ಹೊಡೆಯಬೇಡಿ. ಹುಳಿ ಸೇರಿದರೆ ತಾಮ್ರ ಒಮ್ಮೆಲೇ ಕರಗಿ ಎಳೆಕಾಯಿ ಸುಡುತ್ತದೆ.

ಪ್ರಶ್ನೆ: ಲ್ಯಾಕ್ಟಿಕ್ ಆಮ್ಲದಿಂದ ಮಾಡಿದ ಪ್ಲಾಸ್ಟಿಕ್ ಮಣ್ಣಿನಲ್ಲಿ ಕರಗುತ್ತದೆ ಎನ್ನುತ್ತಾರೆ. ಮದುವೆಗೆ ಅಂಥ ಲೋಟ ತರಿಸಿದರೆ ತೋಟಕ್ಕೆ ಬಿಸಾಡಬಹುದೇ? (ಉಪ್ಪಳ)

ಉತ್ತರ: ಬಿಸಾಡಬೇಡಿ. ಪಿಎಲ್‌ಎ ಎಂಬ ಆ ಪ್ಲಾಸ್ಟಿಕ್ ಸಸ್ಯದ ಸಕ್ಕರೆಯಿಂದ ಬಂದದ್ದು ನಿಜ. ಅಮೆರಿಕದ ನೆಬ್ರಾಸ್ಕದಲ್ಲಿ 2002ರಿಂದ ಮೆಕ್ಕೆಜೋಳದ ಸಕ್ಕರೆಯಿಂದ ದೊಡ್ಡ ಪ್ರಮಾಣದಲ್ಲಿ ಮಾಡುತ್ತಿದ್ದಾರೆ. ಆದರೆ ಅದು ಬೇಗ ಮುರಿಯಬೇಕಾದರೆ ಕಾರ್ಖಾನೆಯ ಕಾಂಪೋಸ್ಟಿನ 58–60 ಡಿಗ್ರಿ ಬಿಸಿ ಮತ್ತು ತೇವ ಬೇಕು. ತೋಟದ ಮಣ್ಣಿನಲ್ಲಿ, ಕಡಲ ನೀರಿನಲ್ಲಿ ಬಹಳ ಕಾಲ ಹಾಗೇ ಬಿದ್ದಿರುತ್ತದೆ. ಮದುವೆಗೆ ಸ್ಟೀಲ್ ಲೋಟ ಬಾಡಿಗೆಗೆ ತನ್ನಿ, ಊಟಕ್ಕೆ ಬಾಳೆಲೆ ಇದ್ದೇ ಇದೆ.

ಪ್ರಶ್ನೆ: ಹುಳಿ ಶೇಕಡಾ ಎಷ್ಟು ಎಂದು ಮನೆಯಲ್ಲಿ ತಿಳಿಯುವುದು ಹೇಗೆ? (ಹಲವರು)

ಉತ್ತರ: ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ 0.1 ನಾರ್ಮಲ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ, ಬಣ್ಣ ತೋರಿಸುವ ಫಿನಾಲ್ಫ್ತಲೀನ್, ಒಂದು ಬ್ಯುರೆಟ್ (ಹನಿ ಬಿಡುವ ಅಳತೆ ಕೊಳವೆ), ಒಂದು 10 ಮಿಲಿ ಪಿಪೆಟ್ (ಅಳೆದು ತೆಗೆಯುವ ಕೊಳವೆ) ಕೊಳ್ಳಿ. 10 ಮಿಲಿ ಹುಳಿನೀರಿಗೆ ಎರಡು ಮೂರು ಹನಿ ಫಿನಾಲ್ಫ್ತಲೀನ್ ಹಾಕಿ, ಬ್ಯುರೆಟ್ಟಿನಿಂದ ಹನಿ ಹನಿಯಾಗಿ ಬಿಡುತ್ತಾ ಅಲ್ಲಾಡಿಸಿ. ತೆಳು ಗುಲಾಬಿ ಬಣ್ಣ ಬಂದು ಅರ್ಧ ನಿಮಿಷ ನಿಂತರೆ ಅಲ್ಲಿಗೆ ನಿಲ್ಲಿಸಿ. ಖರ್ಚಾದ ಮಿಲಿಯನ್ನು 0.09ರಿಂದ ಗುಣಿಸಿದರೆ ಶೇಕಡಾ ಹುಳಿ ಸಿಗುತ್ತದೆ. 10 ಮಿಲಿ ಖರ್ಚಾದರೆ 0.9, ಪನೀರಿಗೆ ಸರಿಯಾದ ಹದ. ಸಿಟ್ರಿಕ್ ಆಮ್ಲ ಹಾಕಿ ಒಡೆದ ನೀರಾದರೆ ಅದರ ಹುಳಿಯೂ ಈ ಲೆಕ್ಕದಲ್ಲಿ ಸೇರುತ್ತದೆ. ಹೆಪ್ಪು ಹಾಕುವ ಮೊದಲು ಒಮ್ಮೆ ಅಳೆದು ಬರೆದಿಟ್ಟು, ಬೆಳಿಗ್ಗೆಯ ಅಳತೆಯಿಂದ ಕಳೆದರೆ ಬ್ಯಾಕ್ಟೀರಿಯಾ ಮಾಡಿದ್ದು ಎಷ್ಟು ಎಂದು ಗೊತ್ತಾಗುತ್ತದೆ. ಸೋಡಿಯಂ ಹೈಡ್ರಾಕ್ಸೈಡ್ ಬಾಟಲಿಯನ್ನು ಬಿಗಿಯಾಗಿ ಮುಚ್ಚಿಡಿ. ಗಾಳಿ ತಾಗಿದರೆ ಅದರ ಶಕ್ತಿ ಇಳಿದು ಲೆಕ್ಕ ತಪ್ಪುತ್ತದೆ. ಕಣ್ಣಿಗೆ ಹಾರದಂತೆ ನೋಡಿಕೊಳ್ಳಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ.